ಮಾವನ ಪೈಪೂ ಹದಿನೇಳನೇ ಸೀಸೆಯೂ

ಈ ಭೂಮಿಯ ಮೇಲೆ ನನ್ನಿಂದಾಗದ ಕೆಲಸ ಯಾವುದಾದರೂ ಇದ್ದರೆ ಅದನ್ನು ಇನ್ನೂ ಯಾರೂ ನನಗೆ ತೋರಿಸಿಲ್ಲ! ಇದು ಜಂಬವಲ್ಲ, ವೃತ್ತಿಯ ಪ್ರಭಾವ. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷಗಳಿಂದ ಕೂತಿರುವ ಮನುಷ್ಯ. ಆ ಕಿಟಕಿಯಲ್ಲಿ ‘ಗೊತ್ತಿಲ್ಲ’ ಎನ್ನುವ ಮಾತಿಗೆ ಜಾಗವಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿರಲಿ, ಡ್ರೈವರ್ ಬಾರದೇ ಇರಲಿ, ಅಂಥದೊಂದು ಬಸ್ಸೇ ಇಲ್ಲದಿರಲಿ, ಕೇಳಿದವರಿಗೆ ‘ಇನ್ನು ಹತ್ತು ನಿಮಿಷ’ ಎಂದು ಕಣ್ಣು ಮಿಟುಕಿಸದೆ ಹೇಳುವುದೇ ನನ್ನ ಕೆಲಸ. ಹೀಗೆ ಹೇಳಿ ಹೇಳಿ, ಜನರಿಗೆ ಬಾರದ ನಂಬಿಕೆ ನನಗೇ ನನ್ನ ಮೇಲೆ ಬಂದುಬಿಟ್ಟಿದೆ.

ಹಾಗಾಗಿ ಮಾವನವರ ಹೊಗೆಸೊಪ್ಪಿನ ಪೈಪಿಗೆ ಮನೆಯಲ್ಲೇ ಬಣ್ಣ ಹಾಕಿ, ಮೇಣ ತಿಕ್ಕಿ, ನಿನ್ನೆ ಅಂಗಡಿಯಿಂದ ತಂದಂತೆ ಮಾಡಿಬಿಡುತ್ತೇನೆ ಎಂದು ನಾನು ನಿರ್ಧರಿಸಿದಾಗ ನನಗೆ ಒಂದಿಷ್ಟೂ ಅಳುಕಿರಲಿಲ್ಲ. ಬಣ್ಣದಲ್ಲಿ ನನಗೆ ಅನುಭವ ಇಲ್ಲವೆಂದೂ ಅಲ್ಲ. ಆರು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು ನನ್ನ ತಲೆಗೂದಲಿಗೆ ನಾನೇ ಬಣ್ಣ ಹಚ್ಚಿಕೊಳ್ಳುತ್ತಿದ್ದೇನೆ. ಹೆಂಡತಿಯನ್ನು ಬಿಟ್ಟರೆ ಜಗತ್ತಿನ ಯಾವ ಪ್ರಾಣಿಗೂ ಈ ಗುಟ್ಟು ತಿಳಿದಿಲ್ಲ. ಅಷ್ಟು ಸಹಜ ನನ್ನ ಕೈಚಳಕ!

ಪೈಪಿನ ವಿಷಯ ಹೇಳುವ ಮೊದಲು ಮಾವನವರ ವಿಷಯ ಹೇಳಬೇಕು. ಅವರು ನನ್ನ ಹೆಂಡತಿಯ ತಂದೆ, ನಮ್ಮ ಜೊತೆಯಲ್ಲೇ ಇರುವವರು, ಬಟ್ಟೆ ಗಿರಣಿಯಲ್ಲಿ ಮೂವತ್ತಾರು ವರ್ಷ ಬಣ್ಣ ಹೊಂದಿಸಿದವರು. ಯಾರೋ ಒಂದು ಚಿಂದಿ ಬಟ್ಟೆ ತಂದು ‘ಇದೇ ಬಣ್ಣ ಬೇಕು’ ಅಂದರೆ, ಅದೇ ಬಣ್ಣವನ್ನು ಬೆರೆಸಿ ಕೊಡುವುದು ಅವರ ಕೆಲಸ. ಗಿರಣಿಯವರೆಲ್ಲ ಅವರನ್ನು ‘ಬಣ್ಣದ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ನಮಗೆ ಬಿಳಿ ಅಂದರೆ ಬಿಳಿ. ಅವರಿಗೆ ಸುಣ್ಣದ ಬಿಳಿ ಬೇರೆ, ಹಾಲಿನ ಬಿಳಿ ಬೇರೆ, ಹೊಸ ಕಾಗದದ ಬಿಳಿ ಬೇರೆ. ಒಮ್ಮೆ ನಾನು ಕೊಂಡು ತಂದ ಬಿಳಿ ಅಂಗಿಯನ್ನು ನೋಡಿ, ‘ತಿಳಿ ಹಸಿರು ಚೆನ್ನಾಗಿದೆ’ ಎಂದು ಹೊಗಳಿದವರು ಅವರು.

ಅವರು ಹೊಗೆಸೊಪ್ಪು ಬಿಟ್ಟು ಹದಿನೆಂಟು ವರ್ಷವಾಯಿತು. ಮೊಮ್ಮಗಳು ಹುಟ್ಟಿದ ದಿನವೇ ಚೀಲ ಕೊಡವಿ ಎಸೆದರು. ಆದರೆ ಪೈಪ್ ಮಾತ್ರ ಬಾಯಿ ಬಿಟ್ಟು ಹೋಗಲಿಲ್ಲ. ಖಾಲಿ ಪೈಪನ್ನೇ ಹಲ್ಲಿನ ನಡುವೆ ಕಚ್ಚಿಕೊಂಡು ಓದುತ್ತಾರೆ, ಯೋಚಿಸುತ್ತಾರೆ, ನನ್ನ ಮಾತಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುತ್ತಾರೆ. ಗಾಢ ಕಂದು ಬಣ್ಣದ ಮರದ ಪೈಪ್ ಅದು. ನಲವತ್ತು ವರ್ಷ ಅವರ ಕೈಯ ಬಿಸಿ ತಾಗಿ ಅಲ್ಲಲ್ಲಿ ಬಣ್ಣ ಹೋಗಿ ಮಂಕಾಗಿತ್ತು.

ಮಂಕಾದದ್ದು ಪೈಪ್ ಒಂದೇ ಅಲ್ಲ. ಮಾವನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿ ಎಂದರೆ ಮೂರು ವರ್ಷದಿಂದ ಒಂದೇ ಹಠ. “ಕಾಣೋದು ಕಡಿಮೆಯಾದ್ರೆ ತಡವರಿಸ್ಕೊಂಡು ಬದುಕ್ತೀನಿ. ಬಣ್ಣ ಹೆಚ್ಚುಕಮ್ಮಿ ಆದ್ರೆ ಆಮೇಲೆ ನಾನು ಯಾರು?” ಎನ್ನುತ್ತಿದ್ದರು. ಅವರ ಹಠ ಮುರಿದದ್ದು ಪಕ್ಕದ ಬೀದಿಯ ಕೈಮಗ್ಗದ ಶೆಡ್ಡಿನವರು. ಅಲ್ಲಿ ನೇಯುವ ಹೆಂಗಸರಿಗೆ ವಾರಕ್ಕೆರಡು ದಿನ ಬಣ್ಣ ಹೊಂದಿಸುವುದನ್ನು ಕಲಿಸಿ ಎಂದು ಅದರ ಮುಖ್ಯಸ್ಥೆ, ನಾವು ‘ಮಗ್ಗದಮ್ಮ’ ಎಂದು ಕರೆಯುವಾಕೆ, ಮನೆಗೇ ಬಂದು ಕೇಳಿದರು. ಅಂದು ಸಂಜೆ ಮಾವ ಪೈಪ್ ಕಚ್ಚಿಕೊಂಡು ಬಹಳ ಹೊತ್ತು ಕೂತು, ಮೊದಲು ಬಲಗಣ್ಣು ಮಾಡಿಸೋಣ, ಅದು ಸರಿಹೋದರೆ ಎಡಗಣ್ಣು, ಎರಡೂ ಸರಿಯಿದ್ದರೆ ಮಗ್ಗದ ಶೆಡ್ಡು ಎಂದು ತೀರ್ಪು ಕೊಟ್ಟರು. ನಿವೃತ್ತರಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಹೊಸ ಕಣ್ಣು ಬಿಟ್ಟು ಮನೆಗೆ ಬಂದಾಗ ಅವರಿಗೆ ಮೊದಲು ಕಾಣುವ ವಸ್ತು ಫಳಫಳ ಹೊಳೆಯುವ ಅವರ ಪೈಪೇ ಆಗಿರಬೇಕು ಎಂದು ನನ್ನ ಹೃದಯ ಉಕ್ಕಿ ಬಂತು. ನನ್ನ ಹೃದಯ ಹೀಗೆ ಉಕ್ಕಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಹಾಳಾಗುತ್ತದೆ ಎಂಬುದು ಹೆಂಡತಿಯ ಅಭಿಪ್ರಾಯ.

ಅವಳು ಮಾವನನ್ನು ಕರೆದುಕೊಂಡು ಹೊರಟಳು. ಆಸ್ಪತ್ರೆಯ ಹತ್ತಿರವೇ ಅವಳ ಅಕ್ಕನ ಮನೆ. ಎರಡು ರಾತ್ರಿ ಅಲ್ಲಿದ್ದು ಬರುವುದೆಂದಾಯಿತು. ಹೊಸಿಲು ದಾಟಿದವಳು ತಿರುಗಿ ನಿಂತಳು.

“ರೀ, ಅಪ್ಪನ ಪೈಪ್ ಮೇಜಿನ ಮೇಲಿದೆ. ಒರೆಸಿ ಇಡಿ. ಒರೆಸೋದು ಅಷ್ಟೇ.”

ಒರೆಸುವುದು ಯಾವ ಗಂಡಸಿನ ಪ್ರತಿಭೆಗೆ ಸಾಕಾಗುತ್ತದೆ?

ಬೀದಿ ತಿರುವಿನ ಚಪ್ಪಲಿ ರಿಪೇರಿಯವನ ಹತ್ತಿರ ಒಂದು ಉಂಡೆ ಜೇನುಮೇಣ ತಂದೆ. ಯಾಕೆ, ಏನು ಎಂದು ಕೇಳಿ ತಿಳಿದುಕೊಂಡ ಅವನು, ಪೈಪನ್ನು ತನ್ನ ಹತ್ತಿರ ಬಿಟ್ಟುಹೋದರೆ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇನೆ ಎಂದ. ನಾನು ಅವನತ್ತ ಕರುಣೆಯಿಂದ ನಕ್ಕು ಬಂದೆ. ಮನೆಗೆ ಬಂದು ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಪೈಪಿನ ಹಳೆಯ ಬಣ್ಣ ಒರೆಸಿದೆ. ಸಾಲದ್ದಕ್ಕೆ ಮರಳು ಕಾಗದ ಹಾಕಿ ಉಜ್ಜಿದೆ. ನಲವತ್ತು ವರ್ಷದ ಕಂದು ಒಂದು ಗಂಟೆಯಲ್ಲಿ ಬಿಟ್ಟುಹೋಗಿ, ಸ್ನಾನ ಮಾಡಿಸಿದ ಮಗುವಿನಂತೆ ಬೋಳು ಮರ ಹೊರಬಂತು. ಕಚ್ಚುವ ಕಪ್ಪು ಕೊಳವೆಯನ್ನು ಮಾತ್ರ ಕಳಚಿ ಪಕ್ಕಕ್ಕಿಟ್ಟಿದ್ದೆ. ಇಡೀ ಪ್ರಸಂಗದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು.

ಇನ್ನು ಬಣ್ಣ. ಅಂಗಡಿಗೆ ಯಾಕೆ ಹೋಗಬೇಕು? ಮನೆಯಲ್ಲೇ ಬಣ್ಣದ ಗಣಿ ಇದೆ! ಮಾವನವರ ಮಂಚದ ಕೆಳಗೊಂದು ತಗಡಿನ ಪೆಟ್ಟಿಗೆ. ಅದರಲ್ಲಿ ಗಿರಣಿಯ ಕಾಲದ ಇಪ್ಪತ್ತನಾಲ್ಕು ಪುಟ್ಟ ಸೀಸೆಗಳು, ಒಂದೊಂದರಲ್ಲೂ ಬಣ್ಣದ ಪುಡಿ. ಸೀಸೆಗಳ ಮೇಲೆ ಬಣ್ಣದ ಹೆಸರಿಲ್ಲ, ಬರೀ ನಂಬರ್. ನಂಬರಿನ ಅರ್ಥವೆಲ್ಲ ಮಾವನವರ ತಲೆಯಲ್ಲಿತ್ತು, ತಲೆ ಆಸ್ಪತ್ರೆಯಲ್ಲಿತ್ತು. ಆದರೆ ನನಗೆ ಕಣ್ಣಿಲ್ಲವೇ? ಒಂದೊಂದೇ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹದಿನೇಳನೇ ಸೀಸೆಯಲ್ಲಿ ತಾಮ್ರದ ಹೊಳಪಿನ ಗಾಢ ಕಂದು ಪುಡಿ! ಪೈಪಿಗೆಂದೇ ಹುಟ್ಟಿದ ಬಣ್ಣ. ಮುಚ್ಚಳ ಬಿಗಿಯಾಗಿತ್ತು. ಬಲ ಹಾಕಿ ತಿರುಗಿಸಿದಾಗ ಫಟ್ಟನೆ ಬಿಚ್ಚಿಕೊಂಡು ಒಂದಿಷ್ಟು ಪುಡಿ ಹಾರಿತು. ಎಲ್ಲಿ ಹೋಯಿತೆಂದು ಕಾಣಲಿಲ್ಲವಾದ್ದರಿಂದ ಎಲ್ಲೂ ಹೋಗಿಲ್ಲ ಎಂದುಕೊಂಡೆ.

ಅರ್ಧ ಚಮಚ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿದೆ. ಮಸಿಯಂತೆ ಕಪ್ಪಾಯಿತು. ಗಾಢವಿದ್ದರೆ ಒಳ್ಳೆಯದೇ ಎಂದು ನನ್ನ ತಲೆಗೆ ಹಚ್ಚುವ ಬ್ರಷ್ಷಿನಿಂದಲೇ ಒಂದರ ಮೇಲೊಂದು ಮೂರು ಸಲ ಬಳಿದು ಆರಲು ಬಿಟ್ಟೆ. ಸಂಜೆ ನೋಡಿದರೆ ಪೈಪ್ ಥೇಟ್ ತಾಮ್ರಗಂದು! ಕನ್ನಡಿಯ ಮುಂದೆ ನಿಂತು ನನಗೆ ನಾನೇ ಒಂದು ಸಲಾಮು ಹೊಡೆದುಕೊಂಡೆ.

ಮರುದಿನ ಬೆಳಗ್ಗೆ ಮೇಣದ ಕಾರ್ಯಕ್ರಮ. ಹಾಲಿನ ಪಾತ್ರೆಯಲ್ಲಿ ಮೇಣ ಕರಗಿಸಿ, ಪೈಪಿಗೆ ಸವರಿ, ಬಿಳಿ ಟವೆಲ್ ತೆಗೆದುಕೊಂಡು ತಿಕ್ಕಲು ಕೂತೆ. ತಿಕ್ಕಿದೆ. ತಾಮ್ರ ಹೋಯಿತು. ಇನ್ನಷ್ಟು ತಿಕ್ಕಿದೆ. ಕಂದೂ ಹೋಯಿತು. ಒಳಗಿನಿಂದ ಮೆಲ್ಲಗೆ, ಮುಸುಕು ತೆಗೆದಂತೆ, ನೇರಳೆ ಮೂಡಿತು! ಅಂಥಿಂಥ ನೇರಳೆಯಲ್ಲ. ಸರ್ಕಸ್ಸಿನ ಜೋಕರ್ ಕೂಡ ‘ಸ್ವಲ್ಪ ಕಡಿಮೆ ಮಾಡಿ’ ಎನ್ನುವಂಥ ನೇರಳೆ. ಹೆದರಿ ಇನ್ನೂ ಜೋರಾಗಿ ತಿಕ್ಕಿದೆ. ಮೇಣದ ಹೊಳಪು ಸೇರಿ ಪೈಪ್ ಈಗ ನೇರಳೆಯಲ್ಲಿ ಮಿಂಚತೊಡಗಿತು.

ಕೈ ತೊಳೆಯೋಣವೆಂದು ನಲ್ಲಿ ತಿರುಗಿಸಿದರೆ ನಲ್ಲಿಯೂ ನೇರಳೆ. ನಿನ್ನೆ ಹಾರಿದ ಪುಡಿ ಎಲ್ಲಿ ಹೋಗಿತ್ತೆಂದು ಆಗ ಗೊತ್ತಾಯಿತು. ಎಲ್ಲೆಲ್ಲೂ ಹೋಗಿತ್ತು! ಒಣಗಿರುವ ತನಕ ಕಾಣದು, ನೀರು ತಾಗಿತೋ ಅರಳುತ್ತದೆ. ಈ ತತ್ವ ನನಗೆ ಮನವರಿಕೆಯಾದದ್ದು ಒದ್ದೆ ಬಟ್ಟೆಯಿಂದ ಇಡೀ ನೆಲ ಒರೆಸಿದ ಮೇಲೆ. ಚಿಲಕ, ಫ್ರಿಜ್ಜಿನ ಬಾಗಿಲು, ಹಲ್ಲುಜ್ಜುವ ಬ್ರಷ್ಷಿನ ಡಬ್ಬಿ, ಗೋಡೆಯ ಸ್ವಿಚ್ಚು, ನಾನು ಮುಟ್ಟಿದ್ದೆಲ್ಲ ನೇರಳೆ. ಮುಟ್ಟದ ಕೆಲವೂ ನೇರಳೆ. ಸೋಪು, ನಿಂಬೆಹಣ್ಣು, ಬಟ್ಟೆ ಪುಡಿ ಹಾಕಿ ಮಧ್ಯಾಹ್ನದವರೆಗೆ ಉಜ್ಜಿದೆ. ನೆಲ ಅರ್ಧಂಬರ್ಧ ಶರಣಾಯಿತು. ನನ್ನ ಹತ್ತು ಬೆರಳುಗಳು ಮಾತ್ರ ಜಪ್ಪಯ್ಯ ಅಂದರೂ ಬಣ್ಣ ಬಿಡಲಿಲ್ಲ.

ಆಗ ಹೆಂಡತಿಯ ಫೋನು ಬಂತು. ಆಪರೇಷನ್ ಚೆನ್ನಾಗಿ ಆಗಿದೆ, ಪಟ್ಟಿ ಬಿಚ್ಚಿದ್ದಾರೆ, ನಾಳೆ ಬೆಳಗ್ಗೆ ಬರುತ್ತೇವೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಪೊರೆ ತೆಗೆದ ಕಣ್ಣಿಗೆ ಸ್ವಲ್ಪ ದಿನ ಎಲ್ಲ ನೀಲಿ ನೀಲಿ ಕಾಣಬಹುದಂತೆ, ಡಾಕ್ಟರ್ ಹೇಳಿದ್ರು. ಅಪ್ಪ ಏನಾದ್ರೂ ಕೇಳಿದ್ರೆ ಗಾಬರಿ ಮಾಡಬೇಡಿ.”

ಫೋನ್ ಇಟ್ಟವನ ತಲೆಯೊಳಗೆ ದೀಪ ಹತ್ತಿತು. ಎಲ್ಲ ನೀಲಿ ನೀಲಿ ಕಾಣುತ್ತದಂತೆ! ಕಂದು ಪೈಪ್ ನೇರಳೆಯಾಗಿ ಕಂಡರೆ ಅದು ಕಣ್ಣಿನ ಕಾರುಬಾರು, ನನ್ನದಲ್ಲ. ಅವರ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಪೈಪನ್ನು ಚಪ್ಪಲಿ ರಿಪೇರಿಯವನ ಹತ್ತಿರ ಸಾಗಿಸಿ ಸರಿಮಾಡಿಸಿದರಾಯಿತು. ವಿಚಾರಣೆ ಕಿಟಕಿಯ ಹತ್ತೊಂಬತ್ತು ವರ್ಷದ ಅನುಭವ ಇಂಥ ದಿನಕ್ಕಲ್ಲದೆ ಇನ್ಯಾವುದಕ್ಕೆ?

ಮರುದಿನ ಅವರು ಬಂದಾಗ ನಾನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಹುದುಗಿಸಿ ದೊಡ್ಡ ಮನುಷ್ಯನ ಹಾಗೆ ಬಾಗಿಲಲ್ಲಿ ನಿಂತಿದ್ದೆ. ಹೆಂಡತಿ ಚಿಲಕ ನೋಡಿದಳು, ನನ್ನ ಜೇಬು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಹೆದರುವುದು ಅವಳ ಈ ನೋಟವೊಂದಕ್ಕೇ. ಮಾವ ಕಪ್ಪು ಕನ್ನಡಕ ಹಾಕಿಕೊಂಡು ನಿಧಾನವಾಗಿ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಆಸ್ಪತ್ರೆಯಲ್ಲಿ ಪರದೆ ಯಾವ ಬಣ್ಣವೋ, ಗೋಡೆ ಯಾವ ಬಣ್ಣವೋ, ಮೊದಲು ನೋಡಿದ್ದರಲ್ಲವೇ ಹೋಲಿಸುವುದು ಎಂದರು. ತಮ್ಮ ಪೈಪಿನ ಬಣ್ಣವಾದರೆ ಕಣ್ಣು ಮುಚ್ಚಿದರೂ ಗೊತ್ತು. ಅದನ್ನು ನೋಡಿಯೇ ಈ ಕಣ್ಣಿಗೆ ಪಾಸೋ ಫೇಲೋ ಹೇಳುತ್ತೇನೆ ಎಂದು ಕೈ ಚಾಚಿದರು.

ಇದನ್ನು ನಾನು ಎಣಿಸಿರಲಿಲ್ಲ.

ಅವರು ಕನ್ನಡಕ ತೆಗೆದು ಪೈಪನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಹುಬ್ಬು ಗಂಟಿಕ್ಕಿತು. ಹೊಸ ಕಣ್ಣನ್ನು ಮುಚ್ಚಿ, ಪೊರೆ ಇರುವ ಎಡಗಣ್ಣಿನಿಂದ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿ ಹೊಸ ಕಣ್ಣಿನಿಂದ ನೋಡಿದರು. ಮತ್ತೆ ಎಡ, ಮತ್ತೆ ಬಲ.

“ಅಳಿಯಂದಿರೇ, ಇದರ ಬಣ್ಣ ಏನು?”

“ಕಂದು, ಮಾವ,” ಎಂದೆ. ಕಣ್ಣು ಮಿಟುಕಿಸಲಿಲ್ಲ.

“ಹಳೇ ಕಣ್ಣಿಗೆ ಕಂದೇ ಕಾಣ್ತಿದೆ. ಹೊಸ ಕಣ್ಣಿಗೆ ನೇರಳೆ.”

ನನ್ನ ದುರದೃಷ್ಟ ನೋಡಿ! ಪೊರೆಯ ಹಳದಿ ಮಬ್ಬಿನಲ್ಲಿ ನನ್ನ ನೇರಳೆ ಅವರಿಗೆ ಕಂದಾಗಿಯೇ ಕಂಡಿತ್ತು. ನನ್ನ ಸುಳ್ಳಿಗೆ ಅವರ ಹಳೆಯ ಕಣ್ಣೇ ಸಾಕ್ಷಿ ಹೇಳಿತ್ತು. ಇನ್ನು ತಪ್ಪು ಯಾರದು? ಹೊಸ ಕಣ್ಣಿನದು!

ಮಾವ ಸಿಟ್ಟಾಗಲಿಲ್ಲ. ಪೈಪನ್ನು ಬಾಯಿಗೂ ಇಡಲಿಲ್ಲ. ಅದನ್ನು ಮೆತ್ತಗೆ ಮೇಜಿನ ಮೇಲಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಆತನಕ ಅವರನ್ನು ಮುದುಕರೆಂದು ಎಂದೂ ಎಣಿಸಿರಲಿಲ್ಲ. ಆ ಗಳಿಗೆಯಲ್ಲಿ ಅವರು ಮುದುಕರಾಗಿ ಕಂಡರು.

“ಮಗಳೇ,” ಎಂದರು, “ಮಗ್ಗದಮ್ಮನಿಗೆ ಫೋನ್ ಮಾಡಿ ಹೇಳ್ಬಿಡು. ನನ್ನ ಕೈಲಿ ಆಗಲ್ಲ. ಇನ್ನೊಂದು ಕಣ್ಣೂ ಬೇಡ, ಇದಿಷ್ಟೇ ಸಾಕು.”

ಹೆಂಡತಿ ಏನೇನೋ ಸಮಾಧಾನ ಹೇಳಿದಳು. ಡಾಕ್ಟರ್ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದಳು. ಸ್ವಲ್ಪ ದಿನದಲ್ಲಿ ಸರಿಹೋಗುತ್ತದೆ ಅಂದಳು. ಕಂದಿಗೂ ನೇರಳೆಗೂ ಇರುವ ದೂರ ಸ್ವಲ್ಪ ದಿನದ್ದಲ್ಲ ಎಂದು ಅವರು ತಲೆ ಆಡಿಸಿದರು. ಅವಳು ಫೋನಿನ ಕಡೆ ನಡೆದಳು. ಹೋಗುತ್ತ, ‘ನೀವಾಗಿ ಹೇಳ್ತೀರಾ, ನಾನೇ ಹೇಳಲಾ’ ಎನ್ನುವಂತೆ ನನ್ನತ್ತ ಒಮ್ಮೆ ನೋಡಿದಳು.

ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಜನರಿಗೆ ಬಾರದ ಬಸ್ಸನ್ನು ಹತ್ತು ನಿಮಿಷದಲ್ಲಿ ಬರುತ್ತದೆಂದು ಹೇಳಿದ್ದೇನೆ. ಒಬ್ಬರಾದರೂ ನನ್ನ ಮಾತನ್ನು ಪೂರ್ತಿ ನಂಬಿದ್ದಿಲ್ಲ. ಈ ಮನುಷ್ಯ ನಂಬಿದ್ದರು. ನನ್ನ ಒಂದು ‘ಕಂದು’ವನ್ನು ನಂಬಿ ತಮ್ಮ ಕಣ್ಣನ್ನೇ ಕೈಬಿಟ್ಟಿದ್ದರು. ಜೇಬಿನಿಂದ ಎರಡೂ ಕೈ ತೆಗೆದು ಅವರ ಮುಂದೆ ಚಾಚಿದೆ.

“ಮಾವ, ಇದು ಯಾವ ಬಣ್ಣ?”

ಅವರು ಎಡಗಣ್ಣು ಮುಚ್ಚಿ ಹೊಸ ಕಣ್ಣಿನಿಂದ ನೋಡಿದರು. “ನೇರಳೆ.”

“ಹೌದು. ಪೈಪೂ ನೇರಳೆನೇ. ಹಾಕಿದ್ದು ನಾನು. ನಿಮ್ಮ ಕಣ್ಣು ಸರಿಯಾಗಿದೆ, ನಾನು ಸುಳ್ಳು ಹೇಳಿದೆ.”

ಹೆಂಡತಿ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಮಾವ ನನ್ನ ಬೆರಳುಗಳನ್ನು ಹಿಡಿದು ಉಗುರಿನ ಸಂದಿಯನ್ನೆಲ್ಲ ಪರೀಕ್ಷಿಸಿದರು, ಬೈಗುಳ ಹುಡುಕುತ್ತಿದ್ದಾರೆ ಎಂದುಕೊಂಡೆ.

“ಹದಿನೇಳನೇ ಸೀಸೆನಾ?” ಎಂದು ಕೇಳಿದರು.

ಹೌದೆಂದೆ. ಅಷ್ಟೇ! ಅವರ ಹೊಟ್ಟೆ ಕುಣಿಯತೊಡಗಿತು, ಹೆಗಲು ಕುಣಿಯತೊಡಗಿತು. ನಗಬೇಡಿ, ಕಣ್ಣಿಗೆ ಶ್ರಮ ಎಂದು ಮಗಳು ಅಂಗಲಾಚಿದರೂ ನಿಲ್ಲಲಿಲ್ಲ. ಪುಡಿಯ ಬಣ್ಣವೇ ಬೇರೆ, ಅದು ಕೊಡುವ ಬಣ್ಣವೇ ಬೇರೆ ಎಂಬುದು ಗಿರಣಿಗೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠವಂತೆ. ಆ ಪಾಠ ಹೇಳಿಕೊಟ್ಟ ಮೇಲೂ ಮೂವತ್ತಾರು ವರ್ಷದಲ್ಲಿ ಒಬ್ಬನೇ ಒಬ್ಬ ಹದಿನೇಳನ್ನು ಕಂದೆಂದು ತೆಗೆದಿದ್ದನಂತೆ. ಅವನನ್ನು ಆಮೇಲೆ ಗೇಟಿನ ಕಾವಲಿಗೆ ಹಾಕಿದರಂತೆ.

ನಂತರ ಅವರು ಕೂತಲ್ಲಿಂದ ಎದ್ದು ಹೊಸ ಕಣ್ಣನ್ನು ಮನೆಯ ಮೇಲೆ ಬಿಟ್ಟರು. ಅಲ್ಲಿ ಚಿಲಕ, ಇಲ್ಲಿ ಸ್ವಿಚ್ಚು, ಫ್ರಿಜ್ಜಿನ ಬಾಗಿಲಲ್ಲಿ ಮೂರು ಬೆರಳು, ನೆಲದ ಮೂಲೆಯಲ್ಲಿ ಒಂದು ಗೀರು! ನಾನು ಉಜ್ಜಿ ಉಜ್ಜಿ ಹೋಯಿತೆಂದುಕೊಂಡದ್ದನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ತೋರಿಸುತ್ತ ಹೋದರು. ಒಂದೊಂದು ಕಲೆ ಸಿಕ್ಕಿದಾಗಲೂ ಅವರ ಮುಖ ಇನ್ನಷ್ಟು ಅರಳುತ್ತಿತ್ತು. ಹೆಂಡತಿ ಹಿಂದೆ ಹಿಂದೆಯೇ ಬಂದು ಪಟ್ಟಿ ಮಾಡಿಕೊಂಡಳು. ಒರೆಸುವವನ ಹೆಸರು ಆ ಪಟ್ಟಿಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಹಾಲಿನ ಪಾತ್ರೆಯೊಂದೇ ಇಪ್ಪತ್ತು ನಿಮಿಷ ತಿಂದಿತು.

ಎಡಗಣ್ಣಿನ ಆಪರೇಷನ್ನಿಗೆ ಮಾವ ತಾವಾಗಿಯೇ ದಿನ ಗೊತ್ತುಮಾಡಿಸಿದರು. ಎರಡೂ ಕಣ್ಣು ಮುಗಿಯಲಿ ಎನ್ನುತ್ತಿದ್ದವರು, ಅಷ್ಟು ದಿನ ಕಾಯುವುದೇಕೆ, ಒಂದು ಕಣ್ಣಿನಲ್ಲೇ ಶೆಡ್ಡಿಗೆ ಹೋಗಿಬರುತ್ತೇನೆ ಎಂದು ಮಗ್ಗದಮ್ಮನಿಗೆ ಹೇಳಿ ಕಳಿಸಿದರು. ಹೋಗುವ ದಿನ ಬೆಳಗ್ಗೆ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಪೈಪಿನ ದುರಸ್ತಿಗೆ ನನ್ನನ್ನು ಕರೆದರು. ಅವರು ಹೇಳುವುದು, ನಾನು ಮಾಡುವುದು. ಸ್ಪಿರಿಟ್‌ನಿಂದ ಮೇಣ ತೆಗೆಸಿದರು. ನೇರಳೆಯನ್ನೂ ಕೆರೆದು ತೆಗೆಯಲೇ ಎಂದು ನಾನು ಮರಳು ಕಾಗದ ಎತ್ತಿದೆ. ಅದನ್ನು ಕಿತ್ತುಕೊಂಡರು. ಬಂದ ಬಣ್ಣವನ್ನು ಓಡಿಸಬಾರದು, ಅದಕ್ಕೆ ಜೊತೆ ಹುಡುಕಬೇಕು ಎಂದು ನಾಲ್ಕನೇ ಸೀಸೆ ತೆಗೆಸಿದರು. ಹಳದಿ. ಸ್ಪಿರಿಟ್‌ನಲ್ಲಿ ಕಲಸಿ ಎಂಟು ಹನಿ, ಒಂದು ಹೆಚ್ಚಲ್ಲ ಕಡಿಮೆಯಲ್ಲ. ಒಂದು ಸಲ ಬಳಿದೆ, ನೇರಳೆಯ ಸೊಕ್ಕು ಇಳಿಯಿತು. ಇನ್ನೊಮ್ಮೆ ಬಳಿದೆ. ನನ್ನ ಕಣ್ಣೆದುರಿಗೇ, ಆ ಎರಡು ಬಣ್ಣಗಳೂ ಮಾಯವಾಗಿ, ಬೆಚ್ಚಗಿನ ಗಾಢ ಕಂದು ಬಂದು ಕೂತಿತು! ಮೇಣ ಹಚ್ಚಿ ತಿಕ್ಕಿದೆ. ಮೊದಲಿಗಿಂತಲೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ, ಹೆಂಡತಿ ಹೇಳಿದಳು.

ಮಾವ ಪೈಪಿಗೆ ಕೊಳವೆ ಸಿಕ್ಕಿಸಿ ಹಲ್ಲಿನ ನಡುವೆ ಇಟ್ಟುಕೊಂಡು, ಸೀಸೆಗಳ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಎದ್ದರು. ಶೆಡ್ಡಿನತನಕ ನಾನೇ ಹೊರಬೇಕೆಂದು ಅದರ ಅರ್ಥ. ನನಗೆ ಬಹಳ ಸಂತೋಷವಾಯಿತು. ಸಂತೋಷವಾದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಈ ಸಲ ಮಾತ್ರ ಎಡವಟ್ಟಾಯಿತು, ಆದರೂ ಬಣ್ಣದ ಕೆಲಸದಲ್ಲಿ ನನಗೂ ಆರು ವರ್ಷದ ಅನುಭವ ಇದೆ ಮಾವ ಎಂದುಬಿಟ್ಟೆ.

ಮೆಟ್ಟಿಲ ಮೇಲೆ ಮಾವ ನಿಂತರು. ಹಿಂದೆ ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಮಾವ ಕಪ್ಪು ಕನ್ನಡಕ ತೆಗೆದು ನನ್ನ ನೆತ್ತಿಯತ್ತ ನೋಡಿದರು. ಹೊಸ ಕಣ್ಣಲ್ಲವೇ, ಎಲ್ಲ ಕಂಡುಬಿಡುತ್ತದೆ! ಆದರೆ ಅವರು ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಪೊರೆ ತುಂಬಿದ ಆ ಹಳೆಯ ಎಡಗಣ್ಣಿನಿಂದ ನನ್ನ ತಲೆಯನ್ನು ಬುಡದಿಂದ ತುದಿಯತನಕ ಸಾವಕಾಶವಾಗಿ ನೋಡಿದರು.

“ಇದಕ್ಕೆ ಆಪರೇಷನ್ ಏನೂ ಬೇಕಿರಲಿಲ್ಲ, ಅಳಿಯಂದಿರೇ,” ಎಂದರು. “ಆರು ವರ್ಷದಿಂದ ಕಾಣ್ತಾನೇ ಇತ್ತು.”